‘ಬ್ಯಾಟರ್’ ಹಿಟ್ಟೋ, ಗೋಡೆಯ ಓರೆಯೋ? ಫೋನಿನ ಅನುವಾದ ಸೇವೆಗೆ ಒಂದು ಒರೆಗಲ್ಲು

ಫೋನಿನಲ್ಲಿ ಪುಕ್ಕಟೆ ಸಿಗುವ ಇಂಗ್ಲಿಷ್–ಕನ್ನಡ ಅನುವಾದವನ್ನು ಎಷ್ಟು ನಂಬಬಹುದು? ದಾವಣಗೆರೆಯಲ್ಲಿ ಕೂತು ಅಳೆಯುವವರಿಗೆ ‘ಬ್ಯಾಟರ್’ ಎಂಬ ಒಂದೇ ಪದ ಸಾಕು. ಬೆಣ್ಣೆ ದೋಸೆಯ ಅಡುಗೆಮನೆ, ಕ್ರಿಕೆಟ್ ಮೈದಾನ, ಕಟ್ಟಡದ ನಕ್ಷೆ, ಮೂರೂ ಕಡೆ ಈ ಪದ ಬರುತ್ತದೆ, ಮೂರೂ ಕಡೆ ಅರ್ಥ ಬೇರೆ.

ಅಡುಗೆಯಿಂದ ಶುರು ಮಾಡೋಣ. ಸೇವೆ ಕೊಡುವ ಉತ್ತರ ‘ಹಿಟ್ಟು’. ತಪ್ಪಲ್ಲ, ಆದರೆ ಅರೆಬರೆ. ಕನ್ನಡದಲ್ಲಿ ಬೀಸಿದ್ದೂ ಹಿಟ್ಟು, ನಾದಿದ್ದೂ ಹಿಟ್ಟು, ರುಬ್ಬಿದ್ದೂ ಹಿಟ್ಟು. ಯಾವ ಹಿಟ್ಟು ಅನ್ನುವುದನ್ನು ನಾವು ಕ್ರಿಯಾಪದದಲ್ಲಿ ಹೇಳುತ್ತೇವೆ. ಮೆಣಸಿನಕಾಯಿ ಬಜ್ಜಿಯ ಇಂಗ್ಲಿಷ್ ಪಾಕವಿಧಾನ ಹಾಕಿ ನೋಡಿ: ಮೆಣಸಿನಕಾಯಿಯನ್ನು ‘ಹಿಟ್ಟಿನಲ್ಲಿ ಅದ್ದಿ’ ಎಂದು ಬರುತ್ತದೆ. ಹೊಸಬರು ಒಣ ಕಡಲೆ ಹಿಟ್ಟಿನಲ್ಲೇ ಹೊರಳಿಸಿದರೆ ಎಣ್ಣೆಗೆ ಬಿದ್ದ ಕೂಡಲೇ ಹಿಟ್ಟು ಉದುರಿ, ತಳದಲ್ಲಿ ಕರಿ ಕಟ್ಟುತ್ತದೆ. ‘ಕಲಸಿದ ಹಿಟ್ಟು’ ಎಂದಿದ್ದರೆ ಈ ಪಾಡಿಲ್ಲ. ದೋಸೆಯಲ್ಲಿ ಇನ್ನೂ ತಮಾಷೆ. ಅಕ್ಕಿ, ಉದ್ದಿನಬೇಳೆ, ನೆನೆಸಿದ ಮಂಡಕ್ಕಿ ರುಬ್ಬಿದ ಮೇಲೆ ಎಂಟು–ಹತ್ತು ತಾಸು ‘ಹುದುಗಲು ಬಿಡಿ’ ಅನ್ನಬೇಕಾದಲ್ಲಿ ‘ಹಿಟ್ಟಿಗೆ ವಿಶ್ರಾಂತಿ ಕೊಡಿ’ ಎಂದು ಬರುತ್ತದೆ. ಪಾಪ, ರುಬ್ಬುವ ಕಲ್ಲಿಗೂ ಕೊಡಬಹುದಿತ್ತು.

ಕ್ರಿಕೆಟ್‌ನಲ್ಲಿ ತಕರಾರಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ, ಕ್ರಿಕೆಟ್ ನಿಯಮಗಳನ್ನು ರೂಪಿಸುವ ಲಂಡನ್ನಿನ ಕ್ಲಬ್ ಎಂಸಿಸಿ, ನಿಯಮಾವಳಿಯಲ್ಲೇ ‘ಬ್ಯಾಟ್ಸ್‌ಮನ್’ ತೆಗೆದು ‘ಬ್ಯಾಟರ್’ ಹಾಕಿತು. ನಮ್ಮ ಪತ್ರಿಕೆಗಳೂ ಹಾಗೇ ಬರೆಯುತ್ತಿವೆ. ಇಡೀ ವಾಕ್ಯ ಕೊಟ್ಟರೆ ಸೇವೆಯೂ ಹಾಗೇ ಬರೆಯುತ್ತದೆ. ಬಿಡಿ ಪದ ಕೊಟ್ಟರೆ ಮಾತ್ರ ಮತ್ತೆ ಹಿಟ್ಟಿಗೇ ಬರುತ್ತದೆ.

ನಿಜವಾದ ಅಪಾಯ ಇರುವುದು ಕಟ್ಟಡದಲ್ಲಿ. ಮಣ್ಣು ತಡೆಯುವ ಗೋಡೆಯ ಮುಂಬದಿ ನೆಟ್ಟಗೆ ಏಳದೆ, ಮೇಲಕ್ಕೆ ಹೋದಂತೆ ಮಣ್ಣಿನ ಕಡೆ ಹಿಂದಕ್ಕೆ ಸರಿಯುತ್ತದಲ್ಲ, ಆ ಓರೆಗೆ ಇಂಗ್ಲಿಷಿನಲ್ಲಿ ಬ್ಯಾಟರ್ ಎನ್ನುತ್ತಾರೆ. ಬುಡ ಅಗಲ, ತಲೆ ಕಿರಿದು. ಹಿಂದಿನ ಮಣ್ಣು ತಳ್ಳಿದರೂ ಗೋಡೆ ಸುಲಭಕ್ಕೆ ಮುಂದಕ್ಕೆ ಮಗುಚುವುದಿಲ್ಲ. 1907ರಲ್ಲಿ ಮುಗಿದ ಹಿರಿಯೂರಿನ ವಾಣಿ ವಿಲಾಸ ಸಾಗರದ ಕಲ್ಲಿನ ಕಟ್ಟೆ ನೀರನ್ನು ತಡೆದು ನಿಂತಿರುವುದೂ ಬುಡ ದಪ್ಪವಿರುವ ಇದೇ ಲೆಕ್ಕದಲ್ಲಿ.

ನಕ್ಷೆಯಲ್ಲಿ ಇದನ್ನು ‘ಬ್ಯಾಟರ್ 1:8’ ಎಂದು ಬರೆದಿರುತ್ತಾರೆ. ಕ್ಯಾಮೆರಾ ಹಿಡಿದರೆ ಪರದೆಯ ಮೇಲೆ ‘ಹಿಟ್ಟು 1:8’. ಗಾರೆ ಕೆಲಸದವರಿಗೆ 1:8 ಎಂದ ಕೂಡಲೇ ನೆನಪಾಗುವುದು ಒಂದು ಪಾಲು ಸಿಮೆಂಟು, ಎಂಟು ಪಾಲು ಮರಳು. ‘ಹಿಟ್ಟು’ ಎಂದರೆ ಗಾರೆಯೇ ಇರಬೇಕು ಎಂದುಕೊಂಡರೆ ಒಂದೇ ಏಟಿಗೆ ಎರಡು ತಪ್ಪು: ಕಲ್ಲುಗೋಡೆಗೆ ಸಾಮಾನ್ಯವಾಗಿ ಬಳಸುವ 1:6ಕ್ಕಿಂತ ಬಡಕಲು ಗಾರೆ, ಜತೆಗೆ ಓರೆಯೇ ಇಲ್ಲದ ನೆಟ್ಟನೆ ಗೋಡೆ. ಮಳೆಗಾಲದಲ್ಲಿ ಹಿಂದಿನ ಮಣ್ಣು ನೀರು ಕುಡಿದು ತೂಕವಾದಾಗ, ನೀರು ಬಸಿಯುವ ತೂತುಗಳೂ ಇಲ್ಲದಿದ್ದರೆ, ಅಂಥ ಗೋಡೆ ಹೊಟ್ಟೆ ಬಿಡುತ್ತದೆ.

ಸರಿಯಾದ ಓದು ಇದು: ಎಂಟು ಅಡಿ ಎತ್ತರಕ್ಕೆ ಒಂದು ಅಡಿ ಹಿಂದಕ್ಕೆ. 3 ಮೀಟರ್ ಗೋಡೆಗೆ 375 ಮಿಲಿಮೀಟರ್. ಕಟ್ಟುವಾಗ 1 ಮೀಟರ್ ಉದ್ದದ ಹಲಗೆಯನ್ನು ಒಂದು ತುದಿಗಿಂತ ಇನ್ನೊಂದು ತುದಿ 125 ಮಿಲಿಮೀಟರ್ ಅಗಲ ಇರುವಂತೆ ಕೊಯ್ದುಕೊಳ್ಳಬೇಕು. ಅಗಲದ ತುದಿ ಮೇಲೆ ಮಾಡಿ, ಓರೆ ಬದಿಯನ್ನು ಗೋಡೆಗೆ ಆನಿಸಿ, ನೇರ ಬದಿಗೆ ತೂಕದ ಗುಂಡು ಇಳಿಬಿಟ್ಟಾಗ ದಾರ ಆ ಬದಿಗುಂಟ ಕೂತರೆ ಓರೆ ಸರಿ ಇದೆ. ಕೆಲವು ನಕ್ಷೆಗಳಲ್ಲಿ ಎತ್ತರ ಮೊದಲು, ಅಡ್ಡಳತೆ ಆಮೇಲೆ ಬರೆದು 8:1 ಎಂದೂ ಇರುತ್ತದೆ. ಪಕ್ಕದ ಚಿಕ್ಕ ತ್ರಿಕೋನ ನೋಡದೆ ಕೆಲಸ ಹಿಡಿಯಬಾರದು.

ಅನುವಾದಕ್ಕೆ ಹಾಕುವಾಗ ಒಂಟಿ ಪದ ಬೇಡ. ‘ವಾಲ್’, ‘ಸ್ಲೋಪ್’ ಎಂಬ ಪದಗಳನ್ನು ಜತೆಗೆ ಸೇರಿಸಿದರೆ ‘ಇಳಿಜಾರು’ ಎಂದಾದರೂ ಬರುತ್ತದೆ. ನಮ್ಮ ಮೇಸ್ತ್ರಿಗಳಿಗೆ ಅಷ್ಟು ಸಾಕು. ಬಂದ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡಿ. ‘ಫ್ಲೌರ್’ (ಒಣ ಹಿಟ್ಟು) ಎಂದು ಬಂದರೆ ದಾರಿ ತಪ್ಪಿದೆ. ರುಬ್ಬಿದ ದೋಸೆ ಹಿಟ್ಟನ್ನು ಪ್ಯಾಕೆಟ್‌ನಲ್ಲಿ ಮಾರುವವರೂ ಈ ಕೊನೆಯ ಪರೀಕ್ಷೆ ಮಾಡಲಿ: ‘ದೋಸಾ ಫ್ಲೌರ್’ ಎಂದು ಚೀಟಿ ಅಂಟಿಸಿದರೆ ಹೊರಗಿನ ಗಿರಾಕಿ ಪುಡಿ ಎಂದುಕೊಂಡು ಕಪಾಟಿನಲ್ಲಿಡುತ್ತಾನೆ, ಮರುದಿನಕ್ಕೆ ಪ್ಯಾಕೆಟ್ ಉಬ್ಬಿ ಬಾಯಿ ಬಿಟ್ಟಿರುತ್ತದೆ.

ಅಂಕ: ಕ್ರಿಕೆಟ್‌ಗೆ ಐದಕ್ಕೆ ನಾಲ್ಕು, ಅಡುಗೆಗೆ ಎರಡೂವರೆ, ನಕ್ಷೆಗೆ ಸೊನ್ನೆ.