ಹಪ್ಪಳ ಒತ್ತುವ ಕೈಯಂತ್ರ: ಹತ್ತು ಬಾಯಿಯ ಮನೆ ನಡೆಸುವ ಅಮ್ಮನಿಗೆ ಬೇಕೇ?

ಹಲಸಿನ ಹಪ್ಪಳ ಒತ್ತುವುದು ಒಂದು ಗಂಟೆಯ ಕೆಲಸ, ಒಣಗಿಸುವುದು ಮೂರು ದಿನದ ಕೆಲಸ. ಯಂತ್ರ ಕೊಳ್ಳಲು ಹೊರಟವರು ಮೊದಲು ಈ ಲೆಕ್ಕ ಹಾಕಿಕೊಳ್ಳಬೇಕು. ಗಂಟೆಗೆ ಎಷ್ಟು ಹಪ್ಪಳ ಒತ್ತಬಹುದು ಅಂತ ಅಂಗಡಿಯವರು ಹೇಳುತ್ತಾರೆ, ಅಷ್ಟನ್ನು ಹರವಲು ಎಷ್ಟು ಚಾಪೆ ಬೇಕು ಅಂತ ಹೇಳುವುದಿಲ್ಲ.

ಎಲೆಚುಕ್ಕಿ ರೋಗ ಬಂದು ಅಡಿಕೆ ಫಸಲು ಇಳಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಎಷ್ಟೋ ಮನೆಗಳಲ್ಲಿ ಬೇಸಿಗೆಯ ಕೈಖರ್ಚು ಅಮ್ಮನ ತಲೆಗೇ ಬಂದಿದೆ. ಹಿತ್ತಲಿನ ಹಲಸಿಗೆ ದುಡ್ಡು ಕೊಡಬೇಕಿಲ್ಲ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಹಪ್ಪಳ ಮಾಡಿದರೆ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಪಟ್ಟಿ, ಪುಸ್ತಕ, ಕೊಡೆಗೆ ದಾರಿಯಾಗುತ್ತದೆ. ಅಂಥ ಮನೆಗೆ ಈ ಯಂತ್ರ ಸಲ್ಲುತ್ತದೋ ಇಲ್ಲವೋ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಪೇಟೆಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಎರಡು ಹಲಗೆಗೆ ಕೀಲು ಹಾಕಿದ ಮರದ ಒತ್ತುಮಣೆ, ಬಣ್ಣ ಬಳಿದ ಕಬ್ಬಿಣದ್ದು, ಸ್ಟೀಲ್ ತಟ್ಟೆಯದು. ಮರದ್ದು ಊರ ಬಡಗಿಯೇ ಮಾಡಿಕೊಡುತ್ತಾನೆ, ಕೆಟ್ಟರೆ ರಿಪೇರಿಯೂ ಅವನದೇ. ಆದರೆ ಹಸಿ ಮರವಾದರೆ ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಸೊಟ್ಟಗಾಗಿ ಹಪ್ಪಳದ ಒಂದು ಅಂಚು ದಪ್ಪ ಬರುತ್ತದೆ. ಕಬ್ಬಿಣದ್ದರ ಬಣ್ಣ ಎರಡನೇ ಬೇಸಿಗೆಗೆ ಚಕ್ಕೆ ಏಳುತ್ತದೆ, ಇದನ್ನು ಕೊಳ್ಳಬೇಡಿ. ಆರೂವರೆ ಏಳು ಇಂಚು ಅಗಲದ ಸ್ಟೀಲ್ ತಟ್ಟೆ, ಉದ್ದ ಹಿಡಿ, ಕೆಳಗೆ ಬೋಲ್ಟು ಹಾಕಲು ತೂತು ಇರುವುದನ್ನೇ ಆರಿಸಿ. ಬೆಲೆ ಎರಡು ಸಾವಿರದ ಆಸುಪಾಸು, ಅಂದರೆ ಗೃಹಲಕ್ಷ್ಮಿಯ ಒಂದು ತಿಂಗಳ ₹2,000. ವಿದ್ಯುತ್ತಿನ ದೊಡ್ಡ ಯಂತ್ರಗಳ ಮಾತು ಇಲ್ಲಿ ಬೇಡ, ಅವು ಅಂಗಳದ ಅಳತೆಗೆ ಮೀರಿದ್ದು.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಧಿ ಹಿಟ್ಟಿನ ನಾಲ್ಕು ಸಣ್ಣ ಉಂಡೆ ಒಯ್ದು, ತಟ್ಟೆಯ ನಾಲ್ಕು ದಿಕ್ಕಿಗೆ ಇಟ್ಟು ಒತ್ತಿ ನೋಡಿ. ಕೀಲಿನ ಬದಿಯದ್ದು ಸ್ವಲ್ಪ ತೆಳ್ಳಗಾದರೆ ತೊಂದರೆಯಿಲ್ಲ, ಅದು ಎಲ್ಲ ಕೀಲಿನ ಯಂತ್ರಗಳ ಗುಣ. ಎಡ ಬಲದ ಉಂಡೆಗಳಲ್ಲಿ ವ್ಯತ್ಯಾಸ ಕಂಡರೆ ಮಾತ್ರ ತಟ್ಟೆ ಓರೆಯಾಗಿ ಕೂತಿದೆ ಎಂದರ್ಥ. ಅದು ಮನೆಗೆ ತಂದ ಮೇಲೆ ಸರಿಯಾಗುವುದಿಲ್ಲ. ಕೀಲಿನ ಕಡ್ಡಿ ಬಿಚ್ಚಿ ಹಾಕುವಂತಿರಬೇಕು. ಸವೆಯುವುದು ಅದೇ ಮೊದಲು.

ಒತ್ತುವಾಗ ಮೇಲೊಂದು ಕೆಳಗೊಂದು ದಪ್ಪ ಪ್ಲಾಸ್ಟಿಕ್ ಹಾಳೆ ಬೇಕು. ತೆಳು ಹಾಳೆ ಸುಕ್ಕಾಗಿ ಹಪ್ಪಳದ ಮೇಲೆ ಗೆರೆ ಬೀಳುತ್ತದೆ, ಒಣಗುವಾಗ ಆ ಗೆರೆಯಲ್ಲೇ ಸೀಳುತ್ತದೆ. ಹಾಳೆಗೆ ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಒರೆಸಿದಷ್ಟೇ ಸಾಕು. ಎಣ್ಣೆ ಜಾಸ್ತಿಯಾದರೆ ಶ್ರಾವಣದ ಹೊತ್ತಿಗೆ ಹಪ್ಪಳಕ್ಕೆ ಕಮಟು ಹತ್ತುತ್ತದೆ. ಉಂಡೆಯನ್ನು ನಟ್ಟನಡುವೆ ಇಡದೆ ಕೀಲಿನ ಕಡೆಗೆ ಅರ್ಧ ಇಂಚು ಸರಿಸಿಡಿ, ಏಕೆಂದರೆ ಹಿಟ್ಟು ಹಿಡಿಯ ಕಡೆಗೇ ಓಡುತ್ತದೆ. ಒಮ್ಮೆ ಒತ್ತಿ, ಹಾಳೆ ಸಮೇತ ಅರ್ಧ ಸುತ್ತು ತಿರುಗಿಸಿ, ಎರಡನೇ ಸಲ ಹಗುರ ಒತ್ತಿದರೆ ದಪ್ಪ ಸಮ ಬರುತ್ತದೆ. ಎರಡನೇ ಸಲವೂ ಜೋರು ಒತ್ತಿದರೆ ಅಂಚು ಹರಿಯುತ್ತದೆ.

ಹಿಟ್ಟು ಕೆಟ್ಟರೆ ಯಾವ ಯಂತ್ರವೂ ಉಳಿಸುವುದಿಲ್ಲ, ಹಾಗಾಗಿ ಅದನ್ನೂ ಹೇಳಬೇಕು. ಬಲಿತು ಇನ್ನೂ ಹಣ್ಣಾಗದ ಬಕ್ಕೆ (ಗಟ್ಟಿ ತೊಳೆಯ ಜಾತಿ) ಹಲಸು ಬೇಕು. ತೊಳೆಗೆ (ಸಾಗರದ ಕಡೆ ಸೊಳೆ ಅನ್ನುತ್ತಾರೆ) ತುಸು ಹಳದಿ ಬಂದಿರಬಹುದು, ಸಿಹಿ ಬಂದಿರಬಾರದು. ಸಿಹಿ ಬಂದದ್ದನ್ನು ಹಾಕಿದರೆ ಕರಿಯುವಾಗ ಸೀದು ಕಪ್ಪಾಗುತ್ತದೆ. 10ರಿಂದ 12 ಕಿಲೋ ತೂಗುವ ಕಾಯಿಯಲ್ಲಿ ಬೀಜ ತೆಗೆದು 3 ಕಿಲೋ ತೊಳೆ ಸಿಕ್ಕರೆ, 30 ಗ್ರಾಂ ಉಂಡೆಯಂತೆ ಸುಮಾರು 100 ಹಪ್ಪಳ. ಅಷ್ಟು ತೊಳೆಗೆ ಉಪ್ಪು 35 ಗ್ರಾಂ ದಾಟಿಸಬೇಡಿ. ನೀರು ಆರಿದ ಮೇಲೆ ಉಪ್ಪು ಅಷ್ಟೂ ಉಳಿಯುತ್ತದೆ, ಹಿಟ್ಟಿನಲ್ಲಿ ರುಚಿಗೆ ಸರಿ ಅನ್ನಿಸಿದರೆ ಹಪ್ಪಳದಲ್ಲಿ ಹೆಚ್ಚೇ ಆಗಿರುತ್ತದೆ. ಒಣಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಇಂಗು ನಿಮ್ಮ ಮನೆಯ ಕೈಯಳತೆ.

ತೊಳೆಯನ್ನು ಹಬೆಯಲ್ಲಿ 20ರಿಂದ 25 ನಿಮಿಷ ಬೇಯಿಸಿ, ನೀರಿನಲ್ಲಿ ಅಲ್ಲ. ಬೆರಳಲ್ಲಿ ಒತ್ತಿದರೆ ನುಣ್ಣಗಾಗಬೇಕು, ನೀರು ಒಸರಬಾರದು. ಅರೆ ಬೆಂದರೆ ಹಿಟ್ಟು ತರಿತರಿಯಾಗಿ ಅಂಚೆಲ್ಲ ಸೀಳು. ನೀರು ಹೊಕ್ಕರೆ ಹಾಳೆ ಬಿಡದೆ ಅಂಟುತ್ತದೆ. ಬಿಸಿ ಇರುವಾಗಲೇ ಕುಟ್ಟಬೇಕು, ಆರಿದ ತೊಳೆ ಬಿರುಸಾಗಿ ಒಂದಕ್ಕೊಂದು ಹತ್ತುವುದಿಲ್ಲ. ಒರಳು ಒನಕೆಗೆ ಜನವಿಲ್ಲದ ಮನೆಯಲ್ಲಿ ಕೈಯಿಂದ ತಿರುಗಿಸುವ ಕೀಮಾ ಯಂತ್ರ ಚೆನ್ನಾಗಿ ಒದಗುತ್ತದೆ, ಎರಡು ಸಲ ಹಾಯಿಸಿದರೆ ಸಾಕು. ಮಿಕ್ಸಿಗೆ ಒಮ್ಮೆಗೆ ಕಾಲು ಕಿಲೋ ಮೀರಿ ಹಾಕಿದರೆ ಮೋಟಾರು ಸುಡುವ ವಾಸನೆ ಬರುತ್ತದೆ, ನೀರು ಹಾಕಿ ತಿರುಗಿಸುವ ಆಸೆಯಂತೂ ಬೇಡವೇ ಬೇಡ.

ಈಗ ಮೊದಲ ಲೆಕ್ಕಕ್ಕೆ ಬರೋಣ. ಒಬ್ಬಳೇ ಉಂಡೆ ಕಟ್ಟಿ, ಒತ್ತಿ, ಬಿಡಿಸಿ ಹರವಿದರೆ ಗಂಟೆಗೆ 80ರಿಂದ 90. ಉಂಡೆಗೊಬ್ಬರು, ಹಿಡಿಗೊಬ್ಬರು, ಹರವಲು ಒಬ್ಬರು ಎಂದಾದರೆ 200. ಮೂರಡಿ ಅಗಲ ಆರಡಿ ಉದ್ದದ ಚಾಪೆಯಲ್ಲಿ ಆರು ಇಂಚಿನ ಹಪ್ಪಳ ಸಂದು ಬಿಟ್ಟು ಹರವಿದರೆ 60 ಹಿಡಿಯುತ್ತವೆ. ಹಾಗಾಗಿ ಮೂವರ ಒಂದು ಗಂಟೆಯ ಕೆಲಸಕ್ಕೆ ನಾಲ್ಕು ಚಾಪೆ. ಮೂರು ದಿನ ಬಿಸಿಲು ಬೇಕಾದ್ದರಿಂದ, ದಿನಾ ಒತ್ತುವುದಾದರೆ ಹತ್ತು ಚಾಪೆಯಾದರೂ ಬೇಕು. ಎರಡನೇ ದಿನ ಹಪ್ಪಳ ಕುಗ್ಗುವುದರಿಂದ ಒತ್ತೊತ್ತಾಗಿ ಜೋಡಿಸಬಹುದು, ಇಲ್ಲದಿದ್ದರೆ ಹನ್ನೆರಡು. ನಾಲ್ಕೇ ಚಾಪೆ ಇರುವ ಮನೆಯಲ್ಲಿ ಈ ಯಂತ್ರ ಮೂರು ದಿನಕ್ಕೊಂದು ಗಂಟೆ ದುಡಿದು ಉಳಿದ ಹೊತ್ತು ಮೂಲೆಯಲ್ಲಿ ಕೂರುತ್ತದೆ. ಅಂಥವರು ಮೊದಲು ಚಾಪೆ ಕೊಳ್ಳಲಿ. ಅಡಿಕೆ ಒಣಗಿಸುವ ಅಟ್ಟ ಏಪ್ರಿಲ್‌ನಲ್ಲಿ ಖಾಲಿ ಇದ್ದರೆ ಅದೇ ದೊಡ್ಡ ಬಂಡವಾಳ. ಕೆಳಗಿನಿಂದಲೂ ಗಾಳಿ ಆಡುವುದರಿಂದ ಅರ್ಧ ದಿನ ಮೊದಲೇ ಒಣಗುತ್ತದೆ.

ಮನೆ ತುಂಬ ಮಕ್ಕಳಿದ್ದರೆ ಯಂತ್ರ ಇಲ್ಲದೆಯೂ ನಡೆಯುತ್ತದೆ. ಇದು ಅಂಗಡಿಯವರಿಗೆ ರುಚಿಸುವ ಮಾತಲ್ಲ, ಆದರೂ ನಿಜ. ಅಜ್ಜಿ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಾರೆ, ದೊಡ್ಡ ಮಗ ಕಾಯಿ ಕೊಯ್ದು ಮೇಣ ಒರೆಸುತ್ತಾನೆ, ಇಬ್ಬರು ಹಲಗೆಯಲ್ಲಿ ಒತ್ತುತ್ತಾರೆ, ಚಿಕ್ಕವರದ್ದು ಕಾಗೆ ಓಡಿಸುವ ಕೆಲಸ. ಕೂಲಿ ಅಂದರೆ ಅಂಗೈ ಮೇಲೆ ಒಂದು ಉಂಡೆ ಹಸಿ ಹಿಟ್ಟು, ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಈ ಕೂಲಿಗೆ 3 ಕಿಲೋಗೆ ಕಾಲು ಕಿಲೋ ಹಿಟ್ಟು ಕಡಿಮೆ ಬೀಳುತ್ತದೆ ಎಂದು ಲೆಕ್ಕದಲ್ಲಿ ಮೊದಲೇ ಬರೆದಿಡಿ. ಯಂತ್ರ ನಿಜವಾಗಿ ಬೇಕಾದ್ದು ಮಕ್ಕಳು ಹಾಸ್ಟೆಲ್ ಸೇರಿ, ಕೆಲಸಕ್ಕೆ ಕೈ ಎರಡೇ ಉಳಿದ, ಬಾಯಿ ಮಾತ್ರ ಅಷ್ಟೇ ಇರುವ ಮನೆಯ ಅಮ್ಮನಿಗೆ. ಭುಜ, ಮಣಿಕಟ್ಟಿನ ನೋವು ಇರುವವರಿಗೂ ಹಿಡಿಯ ಉದ್ದವೇ ದೊಡ್ಡ ಉಪಕಾರ.

ಒಣಗಿಸುವಾಗ ಮೊದಲ ಮಧ್ಯಾಹ್ನ ಮೇಲ್ಮೈ ಕೈಗಂಟದಂತಾದ ಕೂಡಲೇ ಮಗುಚಿ. ಎರಡನೇ ಸಂಜೆ ಇನ್ನೂ ಬಾಗುವಂತಿರುವಾಗ ಒಂದರ ಮೇಲೊಂದು ಪೇರಿಸಿ ಮೇಲೆ ಮಣೆ ಇಟ್ಟು ಕಲ್ಲು ಹೇರಿದರೆ ಡೊಂಕು ಹೋಗುತ್ತದೆ. ಮೂರನೇ ದಿನ ಮುರಿದರೆ ಕಟಕ್ ಅನ್ನಬೇಕು. ಭರಣಿ, ಕೃತ್ತಿಕೆ ಮಳೆಗಳು ಮಧ್ಯಾಹ್ನದ ಮೇಲೆ ಹೇಳದೆ ಬರುತ್ತವೆ. ಆದ್ದರಿಂದ ಬೆಳಗ್ಗೆ ಒಂಬತ್ತರೊಳಗೆ ಹರವಿ ಮುಗಿಯುವಂತೆ ಹಿಂದಿನ ರಾತ್ರಿಯೇ ತೊಳೆ ಬಿಡಿಸಿಡಿ. ಒದ್ದೆಯಾದ ಹಪ್ಪಳವನ್ನು ರಾಶಿ ಹಾಕಿದರೆ ಬೆಳಗಾಗುವಷ್ಟರಲ್ಲಿ ಬೂಷ್ಟು. ಅಂಥ ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿ ಬಿಡಿಬಿಡಿಯಾಗಿ ಹರವಬೇಕು. ಸ್ವಲ್ಪ ಹೊಗೆ ವಾಸನೆ ಹಿಡಿಯುತ್ತದೆ, ಅದನ್ನೇ ಕೇಳಿ ಕೊಳ್ಳುವವರೂ ಇದ್ದಾರೆ.

ಮಾರಾಟಕ್ಕೆ ಗುಂಡಗೆ ಬಂದದ್ದನ್ನು 25ರ ಕಟ್ಟು ಮಾಡಿ, ಒಡಕು ಮನೆಗೆ ಇರಲಿ. ಬೀಜ ಸಾರಿಗೆ, ಪಲ್ಯಕ್ಕೆ. ಸಿಪ್ಪೆ ಕೊಟ್ಟಿಗೆಗೆ. ಶಿವಮೊಗ್ಗದ ಗಾಂಧಿ ಬಜಾರಿನಂಥ ಕಡೆ ಅಂಗಡಿಗೆ ಹಾಕುವಾಗ ಮೊದಲು ಕೇಳುವುದೇ ದಪ್ಪ ಒಂದೇ ಸಮ ಇದೆಯಾ ಅಂತ. ಯಂತ್ರದ ಹಪ್ಪಳ ಗೆಲ್ಲುವುದು ಇಲ್ಲಿ. ಎಲ್ಲವೂ ಎಣ್ಣೆಯಲ್ಲಿ ಒಂದೇ ಹೊತ್ತಿಗೆ ಅರಳುತ್ತವೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಆದರೆ ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಇರಲೇಬೇಕು, ಮನೆಯಲ್ಲಿ ಮಾಡಿದ್ದು ಅಂದರೂ ಬಿಡುವುದಿಲ್ಲ.

ಮಳೆಗಾಲದಲ್ಲಿ ಇದೇ ಯಂತ್ರದಲ್ಲಿ ಉಕ್ಕರಿಸಿದ ಹಿಟ್ಟಿನ ಅಕ್ಕಿ ರೊಟ್ಟಿ ಒತ್ತಬಹುದು, ಹತ್ತು ಜನರ ತಿಂಡಿಗೆ ಅರ್ಧ ಗಂಟೆ ಉಳಿಯುತ್ತದೆ. ಚಪಾತಿಗೆ ಆಗುವುದಿಲ್ಲ, ಗೋಧಿ ಹಿಟ್ಟು ಒತ್ತಿದಷ್ಟೂ ಮತ್ತೆ ಕುಗ್ಗುತ್ತದೆ. ಬಳಸದ ದಿನಗಳಲ್ಲಿ ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟು, ತಟ್ಟೆಗಳ ನಡುವೆ ಹಳೇ ಪಂಚೆಯ ತುಂಡು ಮಡಿಸಿಟ್ಟು, ಒಲೆಯ ಬೆಚ್ಚಗಿನ ಬದಿಯಲ್ಲಿಡಿ. ಮೃಗಶಿರ ಹಿಡಿದ ಮೇಲೆ ಕೊಟ್ಟಿಗೆ ಅಟ್ಟದಲ್ಲಿಟ್ಟರೆ ಕೀಲಿನ ಕಡ್ಡಿ ತುಕ್ಕು ಹಿಡಿದು ಮುಂದಿನ ಏಪ್ರಿಲ್‌ನಲ್ಲಿ ಅಲುಗುವುದಿಲ್ಲ.