ತುಮಕೂರಿನವರೇ, ನೀರಿಗೆ ಬಿದ್ದ ಫೋನ್ ಅಂಗಡಿಗೆ ಕೊಡುವ ಮುಂಚೆ ಇದನ್ನು ಓದಿ

ಅಂಗಡಿ ಹೆಸರು ಹಾಕುವುದಿಲ್ಲ. ಊರಿನಲ್ಲಿ ಮರ್ಯಾದೆಯಿಂದ ಕೆಲಸ ಮಾಡುವ ಮೊಬೈಲ್ ಅಂಗಡಿಯವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಯಾಕೆ ಕೆಟ್ಟ ಹೆಸರು. ಆದರೆ ನಮಗೆ ಆಗಿದ್ದನ್ನು ಹೇಳದೆ ಇರಲು ಆಗುತ್ತಿಲ್ಲ. 4,800 ರೂಪಾಯಿ ಹೋಯಿತು. ದುಡ್ಡು ಹಾಳಾಗಲಿ. ಚೆನ್ನಾಗಿದ್ದ ಡಿಸ್‌ಪ್ಲೇ ಬಿಚ್ಚಿಕೊಂಡು ಡೂಪ್ಲಿಕೇಟ್ ಹಾಕಿ ಕೊಟ್ಟಿದ್ದಾರೆ. ಕೇಳಲು ಹೋದರೆ ನಮ್ಮ ಅಪ್ಪನ ಬೆರಳೇ ಸರಿ ಇಲ್ಲ ಅಂದರು. ಬೆರಳು! ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಹೇಮಾವತಿ ನೀರು ಬಿಡುವ ದಿನ ಮನೆಯಲ್ಲಿ ಏನು ಗಡಿಬಿಡಿ ಇರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಅಪ್ಪ ಸಂಪಿನ ಮುಚ್ಚಳ ತೆಗೆದು, ಎಷ್ಟು ತುಂಬಿದೆ ಅಂತ ಫೋನಿನ ಟಾರ್ಚ್ ಹಾಕಿ ಬಗ್ಗಿ ನೋಡುತ್ತಿದ್ದರು. ಕೈ ಜಾರಿತು. ಸಂಪಿನ ತಳದಲ್ಲಿ ಟಾರ್ಚ್ ಉರಿಯುತ್ತಲೇ ಇತ್ತು. ತಮ್ಮ ಇಳಿದು ಎತ್ತಿಕೊಟ್ಟ.

ಆಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿದ್ದೆವು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಅಂಗಡಿಯವನು 'ನೀವೇ ಹಾಳು ಮಾಡ್ಕೊಂಡ್ ಬಂದಿದೀರ' ಅನ್ನುವ ಧಾಟಿಯಲ್ಲಿ ಮಾತಾಡಿದ. ತಕ್ಷಣ ಸ್ವಿಚ್ ಆಫ್ ಮಾಡಿದೆವು. ಬ್ಯಾಕ್ ಕವರ್ ತೆಗೆದು, ಸಿಮ್ ಟ್ರೇ ಹೊರಗೆ ಎಳೆದು, ಚಾರ್ಜಿಂಗ್ ಜಾಗ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಹತ್ತಿ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಕೆಳಗೆ ಇಟ್ಟೆವು. ಚಾರ್ಜರ್ ಹತ್ತಿರಕ್ಕೂ ತರಲಿಲ್ಲ. ಪಕ್ಕದ ಮನೆ ಆಂಟಿ ಅಕ್ಕಿ ಡಬ್ಬಕ್ಕೆ ಹಾಕಿ ಅಂದರು. ಹಾಕಲಿಲ್ಲ. ಅಕ್ಕಿ ಫೋನಿನ ಒಳಗಿನ ನೀರನ್ನು ಎಳೆಯುವುದಿಲ್ಲ, ಅದರ ಪುಡಿ ಹೋಗಿ ಕೂತರೆ ಇನ್ನೊಂದು ತಲೆನೋವು. ಆಪಲ್ ಕಂಪನಿಯೇ ಐಫೋನನ್ನು ಅಕ್ಕಿಗೆ ಹಾಕಬೇಡಿ ಅಂತ ಬರೆದಿದೆ.

ಅದಲ್ಲದೆ ಬರೀ ಒದ್ದೆ ಆರಿಸಿದರೆ ಮುಗಿಯಲ್ಲ. ನಮ್ಮ ಸಂಪಿಗೆ ಬೋರ್ ನೀರೂ ಸೇರುತ್ತೆ. ನಲ್ಲಿ, ಬಕೆಟ್ ಮೇಲೆ ಬಿಳಿ ಪಟ್ಟೆ ಕಟ್ಟುತ್ತಲ್ಲ, ಆ ಉಪ್ಪೇ ಫೋನಿನ ಒಳಗೂ ಉಳಿಯುತ್ತೆ. ಅದರ ಜೊತೆ ತೇವ ಇದ್ದು, ಮೇಲೆ ಕರೆಂಟ್ ಹರಿದರೆ ಬೋರ್ಡ್ ಮೇಲಿನ ಲೋಹ ತಿಂದುಹೋಗಲು ಶುರುವಾಗುತ್ತೆ. ಅದಕ್ಕೇ ಬೇಗ ಬಿಚ್ಚಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕ್ಲೀನ್ ಮಾಡಿಸಬೇಕು. ಅವತ್ತು ಭಾನುವಾರ. ಕಂಪನಿ ಸರ್ವಿಸ್ ಸೆಂಟರ್ ಬಾಗಿಲು ಹಾಕಿತ್ತು. ಹಾಗಾಗಿ ಈ ಅಂಗಡಿಗೆ ಹೋಗಿದ್ದು.

ಒಳಗೆ ಹೋಗಿ 'ನೀರಿಗೆ ಬಿದ್ದಿದೆ, ಆನ್ ಮಾಡಬೇಡಿ, ಮೊದಲು ಬಿಚ್ಚಿ' ಅಂತ ಹೇಳುತ್ತಿದ್ದೇನೆ, ಕೌಂಟರ್ ಹುಡುಗ ಚಾರ್ಜರ್ ಚುಚ್ಚೇಬಿಟ್ಟ. 'ಏಯ್ ಬೇಡ ಬೇಡ' ಅಂದೆ. 'ಚೆಕ್ ಮಾಡ್ಬೇಕಲ್ಲ ಸರ್' ಅಂದ. ಫೋನ್ ಆನ್ ಆಯಿತು.

ಈಗ ಹೇಳುವುದನ್ನು ಸ್ವಲ್ಪ ಗಮನ ಇಟ್ಟು ಓದಿ. ಸ್ಕ್ರೀನ್ ಮೇಲೆ ಸಿದ್ಧಗಂಗಾ ಶ್ರೀಗಳ ಫೋಟೊ ಫಳಫಳ ಅಂತ ಬಂತು. ಅಪ್ಪನ ವಾಲ್‌ಪೇಪರ್. ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ. ಆನ್ ಆದ ಮೇಲೆ ಮೊದಲ ಸಲ ಪ್ಯಾಟರ್ನ್ ಕೇಳುತ್ತಲ್ಲ, ಅಪ್ಪ ಹಾಕಿದರು. ಮತ್ತೆ ಸ್ಕ್ರೀನ್ ಆಫ್ ಮಾಡಿ ಹೆಬ್ಬೆರಳು ಇಟ್ಟರು. ತೆರೆದುಕೊಂಡಿತು. ಸ್ಪೀಕರ್ ಮಾತ್ರ ಗೊರಗೊರ ಅನ್ನುತ್ತಿತ್ತು. ಅಂದರೆ ಡಿಸ್‌ಪ್ಲೇ ಚೆನ್ನಾಗಿತ್ತು, ಫಿಂಗರ್‌ಪ್ರಿಂಟ್ ಚೆನ್ನಾಗಿತ್ತು. ಮಾಲೀಕನೂ ನೋಡಿದ. 'ನಿಮ್ ಅದೃಷ್ಟ ಯಜಮಾನ್ರೇ, ಡಿಸ್‌ಪ್ಲೇ ಉಳ್ಕೊಂಡಿದೆ' ಅಂತ ಅವನ ಬಾಯಲ್ಲೇ ಹೇಳಿದ. ಕ್ಲೀನಿಂಗ್‌ಗೆ 500 ಅಂತ ಮಾತಾಯಿತು. ಬಿಟ್ಟು ಬಂದೆವು.

ಸಂಜೆ ಫೋನ್ ಬಂತು. 'ಸರ್, ಬೋರ್ಡ್ ಶಾರ್ಟ್ ಆಗ್ಬಿಟ್ಟಿದೆ. ಪವರ್ ಐಸಿ, ಅಂದ್ರೆ ಕರೆಂಟ್ ಹಂಚೋ ಚಿಪ್ಪು, ಹೋಗಿದೆ. 2,800 ಆಗುತ್ತೆ.' ಮಧ್ಯಾಹ್ನ ಆನ್ ಆಗಿತ್ತಲ್ಲ ಅಂದೆ. 'ನೀರು ಸರ್, ನಿಧಾನಕ್ಕೆ ತಿನ್ಕೊಂಡ್ ಹೋಗುತ್ತೆ.' ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ನೀಲಿ ಬಣ್ಣದ ಬೋರ್ಡ್, ಅರ್ಧಕ್ಕೆ ಹಸಿರು ಕಿಲುಬು. ನೋಡಿದರೆ ಹೊಟ್ಟೆ ತೊಳಸುವ ಹಾಗಿತ್ತು. ಬೆಳಿಗ್ಗೆ ಬಿದ್ದ ಫೋನಿಗೆ ಸಂಜೆ ಹೊತ್ತಿಗೆ ಅಷ್ಟು ಕಿಲುಬು ಅಂತೆ.

ಮಾರನೇ ದಿನ ಮತ್ತೆ ಫೋನ್. 'ಡೇಟಾ ಬೇಕಾ ಸರ್? ಬೇಕು ಅಂದ್ರೆ ಮೆಮೊರಿ ಐಸಿ ಎತ್ತಿ ಬೇರೆ ಮಷೀನಲ್ಲಿ ತೆಗೀಬೇಕು. ಅದಕ್ಕೆ 1,500. ತಡ ಆದ್ರೆ ನಾನು ಜವಾಬ್ದಾರಿ ಅಲ್ಲ.' ಅಪ್ಪನ ಫೋನಿನಲ್ಲಿ ತೆಂಗಿನಕಾಯಿ ಮಂಡಿಯ ಲೆಕ್ಕದ ಚೀಟಿಗಳೆಲ್ಲ ಫೋಟೊ ರೂಪದಲ್ಲಿ ಇದ್ದವು. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಟ್ಟಿದೆ, ಎಲ್ಲ ಅದರಲ್ಲೇ. ಅದು ಆ ಮನುಷ್ಯನಿಗೂ ಗೊತ್ತಿತ್ತು, ಅಪ್ಪನೇ ಕೌಂಟರ್ ಹತ್ತಿರ ಹೇಳಿಕೊಂಡಿದ್ದರು. ಅದನ್ನೇ ಹಿಡಿದು ಹಿಂಡಿದ. ಸರಿ ಅಂದೆವು. 500, 2,800, 1,500. ಕೂಡಿಸಿ ನೋಡಿ.

ಫೋನ್ ಕೈಗೆ ಕೊಟ್ಟಾಗ ಹೊಸ ಟೆಂಪರ್ಡ್ ಗ್ಲಾಸ್ ಅಂಟಿಸಿದ್ದರು. 'ಫ್ರೀ ಹಾಕಿದೀವಿ ಸರ್' ಅಂತ ನಕ್ಕ. ಬಿಲ್ ಕೊಡಿ ಅಂದೆ. 'ನೀರಿನ ಕೇಸಿಗೆ ಬಿಲ್ ಇರಲ್ಲ, ಗ್ಯಾರಂಟಿನೂ ಇರಲ್ಲ' ಅಂದ. ನಾನು ಅಲ್ಲಿಂದ ಕದಲದೆ ನಿಂತಿದ್ದಕ್ಕೆ ವಿಸಿಟಿಂಗ್ ಕಾರ್ಡ್ ಹಿಂದೆ '4800 ಪೇಯ್ಡ್' ಅಂತ ಗೀಚಿ ಕೊಟ್ಟ.

ಮನೆಗೆ ಬಂದ ಮೇಲೆ ಅಪ್ಪ ಹೆಬ್ಬೆರಳು ಇಡುತ್ತಾರೆ, ತೆರೆಯಲ್ಲ. ಒರೆಸಿ ಇಡುತ್ತಾರೆ, ತೆರೆಯಲ್ಲ. ಅಂಗಡಿಗೆ ಫೋನ್ ಮಾಡಿದೆ. 'ಹೊಸ ಗ್ಲಾಸ್ ಅಲ್ವಾ ಸರ್, ಸ್ವಲ್ಪ ದಿನ ಹಂಗೇ' ಅಂದ. ಗ್ಲಾಸ್ ಕಿತ್ತು ಹಾಕಿದೆ. ಆಗಲೂ ಇಲ್ಲ. ಮತ್ತೆ ಅಂಗಡಿಗೆ ಹೋದೆವು. ಅಪ್ಪನೂ ಬಂದಿದ್ದರು. ಆಗ ಮಾಲೀಕ ಅಪ್ಪನ ಕೈ ಹಿಡಿದು, ತಿರುಗಿಸಿ, ಡಾಕ್ಟರ್ ತರ ನೋಡಿ ಹೇಳಿದ್ದು ಇದು: 'ತೋಟದ ಕೆಲಸ ಮಾಡ್ತೀರಲ್ಲ ಯಜಮಾನ್ರೇ, ರೇಖೆ ಎಲ್ಲ ಸವೆದೋಗಿದೆ. ವಯಸ್ಸಾದವ್ರಿಗೆ ಹಿಂಗೇ ಆಗೋದು. ಪ್ಯಾಟರ್ನ್ ಇಟ್ಕೊಳಿ, ಸಾಕು.'

ಅಪ್ಪ ನಂಬಿದರು. ಅದೇ ನನಗೆ ಇವತ್ತಿಗೂ ಸಹಿಸಲು ಆಗದೇ ಇರುವುದು. ಬಸ್ ಸ್ಟ್ಯಾಂಡ್ ತನಕ ಹೆಬ್ಬೆರಳನ್ನು ಟವೆಲ್‌ಗೆ ಉಜ್ಜುತ್ತಾ, ನೋಡುತ್ತಾ ಬಂದರು. ಎರಡು ದಿನದ ಹಿಂದೆ ಅದೇ ಅಂಗಡಿಯಲ್ಲಿ, ಅದೇ ಬೆರಳಿಗೆ, ಅದೇ ಫೋನ್ ತೆರೆದಿತ್ತು. ಎರಡು ದಿನದಲ್ಲಿ ಸವೆಯುತ್ತಾ ರೇಖೆ? ಮನೆಯಲ್ಲಿ ನನ್ನ ಬೆರಳು ಸೇರಿಸಲು ನೋಡಿದೆ, ಆಗಲಿಲ್ಲ. ತಮ್ಮನದು, ಆಗಲಿಲ್ಲ. ಎಂಟು ವರ್ಷದ ಮಗಳದು, ಆಗಲಿಲ್ಲ. ಅವಳೂ ತೋಟದ ಕೆಲಸ ಮಾಡುತ್ತಾಳೇನೋ.

ಅವತ್ತು ರಾತ್ರಿ ಕರೆಂಟ್ ಹೋಯಿತು. ಕತ್ತಲಲ್ಲಿ ಫೋನ್ ಎತ್ತಿಕೊಂಡೆ. ಕಪ್ಪು ಇರಬೇಕಾದ ಜಾಗವೆಲ್ಲ ಬೂದಿ ಬಣ್ಣಕ್ಕೆ ಹೊಳೆಯುತ್ತಿತ್ತು. ಅಂಚಿನಲ್ಲಿ, ಕ್ಯಾಮೆರಾ ತೂತಿನ ಸುತ್ತ ಬಿಳಿ ಬೆಳಕು ಸೋರುತ್ತಿತ್ತು. ಆಗ ಹೊಳೆಯಿತು ನನಗೆ. ಈ ಫೋನಿನದು ಅಮೊಲೆಡ್ ಡಿಸ್‌ಪ್ಲೇ. ಅದರಲ್ಲಿ ಒಂದೊಂದು ಚುಕ್ಕೆಗೂ ತನ್ನದೇ ಬೆಳಕು. ಕಪ್ಪು ಅಂದರೆ ಆ ಚುಕ್ಕೆ ಆರಿರುತ್ತೆ, ಕತ್ತಲಲ್ಲಿ ಫೋನ್ ಎಲ್ಲಿ ಮುಗಿಯುತ್ತೆ ಅಂತಲೇ ಕಾಣಲ್ಲ. ಎಲ್‌ಸಿಡಿಯಲ್ಲಿ ಹಿಂದೆ ಒಂದು ದೀಪ ಸದಾ ಉರಿಯುತ್ತೆ, ಹಾಗಾಗಿ ಕಪ್ಪು ಬೂದಿಯಾಗುತ್ತೆ. ಅಂದರೆ ಅಮೊಲೆಡ್ ಬಿಚ್ಚಿ ಎಲ್‌ಸಿಡಿ ಹಾಕಿದ್ದಾರೆ. ಸ್ಕ್ರೀನ್ ಕೆಳಗಿನ ಬೆರಳಿನ ಸೆನ್ಸರ್ ಡಿಸ್‌ಪ್ಲೇ ಮೂಲಕವೇ ಬೆರಳನ್ನು ನೋಡಬೇಕು. ಆ ದೀಪದ ಪದರ ಅಡ್ಡ ಬಂದರೆ ಏನು ನೋಡುತ್ತೆ, ಮಣ್ಣು? ಅಪ್ಪನ ಬೆರಳು ಸರಿಯಾಗಿಯೇ ಇದೆ ಸ್ವಾಮಿ!

ಕಂಪನಿ ಸರ್ವಿಸ್ ಸೆಂಟರ್‌ಗೆ ಹೋದೆ. ಅಲ್ಲಿಯ ಹುಡುಗ ನನ್ನ ಎದುರಿಗೇ ಬಿಚ್ಚಿದ. ಒಳಗಿನ ಬೋರ್ಡ್ ಕಪ್ಪು. ಆ ಮನುಷ್ಯ ಕಳಿಸಿದ ಫೋಟೊದಲ್ಲಿ ಇದ್ದದ್ದು ನೀಲಿ. ಯಾರ ಫೋನಿನ ಫೋಟೊನೋ ದೇವರಿಗೇ ಗೊತ್ತು. ಐಸಿಗಳ ಮೇಲೆ ತಗಡಿನ ಮುಚ್ಚಳ ಇರುತ್ತಲ್ಲ, ಅದು ಕಂಪನಿಯಿಂದ ಬಂದ ಹಾಗೇ ಇತ್ತು, ಎತ್ತಿದ ಗುರುತೇ ಇಲ್ಲ. 'ಪವರ್ ಐಸಿ ಬದಲಾಯಿಸಿದ್ರೆ ಇದನ್ನ ತೆಗೀದೆ ಹೆಂಗೆ ಸರ್ ಆಗುತ್ತೆ?' ಅಂದ. ಕ್ಲೀನಿಂಗೂ ಆಗಿರಲಿಲ್ಲ. ಚಾರ್ಜಿಂಗ್ ಕನೆಕ್ಟರ್ ಪಕ್ಕದಲ್ಲಿ ನಮ್ಮ ಸಂಪಿನ ನೀರಿನ ಬಿಳಿ ಪುಡಿ ಹಾಗೇ ಕೂತಿತ್ತು. 500 ರೂಪಾಯಿಯ ಕೆಲಸವನ್ನೂ ಮಾಡಿಲ್ಲ! ನೀರು ತಾಗಿದರೆ ಕೆಂಪಾಗುವ ಸಣ್ಣ ಸ್ಟಿಕರ್ ಕೆಂಪಾಗಿತ್ತು, ಅದು ಸರಿ. ಡಿಸ್‌ಪ್ಲೇ ಮಾತ್ರ ಕಾಪಿ. ಒರಿಜಿನಲ್ ಹಾಕಬೇಕು ಅಂದರೆ 6,200.

ಮೆಮೊರಿ ಐಸಿ ಎತ್ತಿದ ಕಥೆ ಹೇಳಿದೆ. ಅವನು ನಕ್ಕುಬಿಟ್ಟ. ಆಂಡ್ರಾಯ್ಡ್ 10ರಿಂದ ಈಚೆಗೆ ಬಂದ ಫೋನುಗಳಲ್ಲಿ ಡೇಟಾ ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತೆ. ಅಂದರೆ ಓದಲಾಗದ ಹಾಗೆ ಬೀಗ ಹಾಕಿರುತ್ತೆ, ಆ ಬೀಗದ ಕೈ ಅದೇ ಫೋನಿನ ಪ್ರೊಸೆಸರ್ ಜೊತೆ ಕಟ್ಟಿಹಾಕಿರುತ್ತೆ. ಬರೀ ಮೆಮೊರಿ ಐಸಿ ಕಿತ್ತು ಬೇರೆ ಮಷೀನ್‌ಗೆ ಹಾಕಿದರೆ ಕಲಸುಮೇಲೋಗರ ಬರುತ್ತೆ ಅಷ್ಟೇ, ಲೆಕ್ಕದ ಚೀಟಿ ಬರಲ್ಲ. ಡೇಟಾ ಬೇಕಾದರೆ ಅದೇ ಬೋರ್ಡ್‌ಗೆ ಜೀವ ಬರಿಸಬೇಕು. ನಮ್ಮ ಬೋರ್ಡ್ ಸತ್ತೇ ಇರಲಿಲ್ಲವಲ್ಲ. ಇಲ್ಲದ ಕಾಯಿಲೆಗೆ 1,500 ಕಿತ್ತರು.

ಇಷ್ಟೆಲ್ಲ ಹಿಡಿದುಕೊಂಡು ಮತ್ತೆ ಅಂಗಡಿಗೆ ಹೋದೆ. ಮಾಲೀಕನ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ. ಮೊದಲು: 'ಸರ್ವಿಸ್ ಸೆಂಟರ್ನೋರು ನಮ್ಮ ಮೇಲೆ ಹೊಟ್ಟೆಕಿಚ್ಚಿಗೆ ಹಂಗೇ ಹೇಳ್ತಾರೆ.' ಆಮೇಲೆ: 'ನೀವೇ ಬೇರೆ ಕಡೆ ಬಿಚ್ಚಿಸಿದೀರ, ಅಲ್ಲಿ ಏನ್ ಹಾಕಿದ್ರೋ.' ನೀಲಿ ಬೋರ್ಡಿನ ಫೋಟೊ ತೋರಿಸಿದೆ. 'ಹುಡುಗ ತಪ್ಪಿ ಕಳಿಸಿರ್ಬೇಕು.' ಆ ಹುಡುಗ ಅಲ್ಲೇ ನಿಂತು ಯಾರದೋ ಫೋನಿಗೆ ಗ್ಲಾಸ್ ಅಂಟಿಸುತ್ತಿದ್ದ, ತಲೆ ಎತ್ತಲಿಲ್ಲ. ನಾನು ದನಿ ಏರಿಸಿದ ಮೇಲೆ ಮಾಲೀಕ ಮೆತ್ತಗಾಗಿ, 'ಹೋಗ್ಲಿ ಬಿಡಿ ಸರ್, ಒಂದು ಕೆಲಸ ಮಾಡಣ. ನಿಮ್ ಮಾಡೆಲ್‌ಗೆ ಒಂದು ಒರಿಜಿನಲ್ ಡಿಸ್‌ಪ್ಲೇ ಇದೆ, ಸೆಕೆಂಡ್ಸು. 3,500ಕ್ಕೆ ಹಾಕ್ಕೊಡ್ತೀನಿ' ಅಂದ.

ಯಾರದು ಅದು ಅಂದೆ.

'ಯಾರದೋ ಸರ್. ಬೆಂಗ್ಳೂರು ಎಸ್‌.ಪಿ. ರೋಡಿಂದ ಬಂದಿದ್ದು.'

ತೋರಿಸಿ ಅಂದೆ. ಗೋಡೌನ್‌ನಲ್ಲಿದೆ ಅಂದ. ಅಂಗಡಿ ಇರುವುದೇ ಹತ್ತಡಿ ಅಗಲ, ಗೋಡೌನ್ ಅಂತೆ. ನಮ್ಮ ಡಿಸ್‌ಪ್ಲೇಯನ್ನು ನಮಗೇ ಮಾರಲು ನೋಡುತ್ತಿದ್ದಾನೆ ಅಂತ ಗೊತ್ತಾಗಿ ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ಸುತ್ತ ನಾಲ್ಕು ಜನ ಗಿರಾಕಿಗಳು ನನ್ನನ್ನೇ ನೋಡುತ್ತಿದ್ದರು. ಬೀದಿಯವರೆಲ್ಲ ಯಾವ ಫೋನ್ ತಗೊಳ್ಳಲಿ ಅಂತ ನನ್ನನ್ನು ಕೇಳಿ ತಗೊಳ್ಳುತ್ತಾರೆ. ಅಂಥವನಿಗೆ ಈ ಗತಿ. ಮನೆಯಲ್ಲಿ ಇದನ್ನು ಹೇಳಿದರೆ ಹೆಂಡತಿ ಏನೂ ಅನ್ನಲಿಲ್ಲ, ಸುಮ್ನೆ ನಕ್ಕಳು. ಬೈದಿದ್ದರೇ ವಾಸಿ ಇತ್ತು.

ಕೊಡಲೇಬೇಕಾದರೆ ಬಿಚ್ಚುವಾಗ ಎದುರಿಗೆ ನಿಂತುಕೊಳ್ಳಿ. ನಿಲ್ಲಲು ಬಿಡಲ್ಲ ಅಂದರೆ ಫೋನ್ ವಾಪಸ್ ಇಸಿದುಕೊಂಡು ನಡೆಯಿರಿ. ಕೊಡುವ ಮುಂಚೆ ಡಿಸ್‌ಪ್ಲೇ, ಬೆರಳು ಕೆಲಸ ಮಾಡುತ್ತಿದ್ದರೆ ಅಂಗಡಿಯವನ ಮುಖವೂ ಬರುವ ಹಾಗೆ ವಿಡಿಯೊ ಮಾಡಿಕೊಳ್ಳಿ. ಆದರೆ ಆ ವಿಡಿಯೊಗೋಸ್ಕರ ಆಫ್ ಆಗಿರುವ ಫೋನನ್ನು ಆನ್ ಮಾಡಲು ಹೋಗಬೇಡಿ. ಪ್ಯಾಟರ್ನ್ ಸ್ಟಿಕರ್ ಮೇಲೆ ಬರೆದುಕೊಡಬೇಡಿ. ಸಿಮ್ ನಿಮ್ಮ ಹತ್ತಿರ ಇರಲಿ. ವಾಪಸ್ ತಗೊಳ್ಳುವಾಗ ಕೈಯಲ್ಲಿ ಮರೆ ಮಾಡಿ, ಕತ್ತಲಲ್ಲಿ ಒಂದು ಕಪ್ಪು ಚಿತ್ರ ತೆರೆದು ನೋಡಿ. ಬೆರಳು ಹೊಸದಾಗಿ ಸೇರಿಸಿ ನೋಡಿ. *#06# ಒತ್ತಿ ಬರುವ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಡಬ್ಬದ ಮೇಲಿನ ನಂಬರಿಗೆ ತಾಳೆ ಹಾಕಿ, ಕೆಲವರು ಬೋರ್ಡನ್ನೇ ಬದಲಾಯಿಸುತ್ತಾರಂತೆ. ವಾಟರ್‌ಪ್ರೂಫ್ ಫೋನ್ ಅಂತಲೂ ಧೈರ್ಯ ಬೇಡ. ಐಪಿ67 ಅಂದರೆ ಒಂದು ಮೀಟರ್ ಸಿಹಿನೀರು, ಅರ್ಧ ಗಂಟೆ, ಅದೂ ಹೊಸ ಫೋನಿಗೆ. ಒಂದು ಸಲ ಬಿಚ್ಚಿದ ಮೇಲೆ ನೀರು ತಡೆಯುವ ಅಂಟು ಮೊದಲಿನ ಹಾಗೆ ಕೂರುತ್ತೆ ಅಂತ ನಂಬಬೇಡಿ. ಫ್ರೀ ಗ್ಲಾಸ್ ಹಾಕಿದೀವಿ ಅಂದರೆ ಮೊದಲು ಅದನ್ನು ಕಿತ್ತು ನೋಡಿ!

ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು. ದೂರಿನ ನಂಬರ್ ಬಂತು. ಅದನ್ನು ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ಅಲ್ಲಿಯ ತನಕ ನನ್ನ ಮೆಸೇಜ್ ನೋಡಿಯೂ ಉತ್ತರ ಕೊಡದವನು ಐದು ನಿಮಿಷದಲ್ಲಿ ಫೋನ್ ಮಾಡಿದ. 'ಅಣ್ಣ, ನಾವೆಲ್ಲ ಒಂದೇ ಊರ್ನೋರು, ಇದೆಲ್ಲ ಯಾಕೆ? 1,500 ವಾಪಸ್ ಕೊಡ್ತೀನಿ, ಕಂಪ್ಲೇಂಟ್ ತೆಗೀರಿ.' ಸರ್ ಹೋಗಿ ಅಣ್ಣ ಆದೆ ನೋಡಿ. 4,800 ಮತ್ತು ನಮ್ಮ ಡಿಸ್‌ಪ್ಲೇ, ಎರಡೂ ಬೇಕು ಅಂದೆ. 'ಡಿಸ್‌ಪ್ಲೇ ನಾನು ತೆಗ್ದಿಲ್ಲ' ಅಂದ. ಹಾಗಾದರೆ 1,500 ಯಾತಕ್ಕೆ ಕೊಡುತ್ತೀಯಪ್ಪ ಅಂದೆ. ಕಟ್ ಮಾಡಿದ.

ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಬರೆಯುತ್ತಿದ್ದೇನೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅರ್ಜಿಗೆ ಶುಲ್ಕ ಇಲ್ಲ. ವಿಸಿಟಿಂಗ್ ಕಾರ್ಡ್, ಯುಪಿಐ ಸ್ಕ್ರೀನ್‌ಶಾಟ್, ನೀಲಿ ಬೋರ್ಡಿನ ಫೋಟೊ, ಸರ್ವಿಸ್ ಸೆಂಟರ್‌ನವರು ಬರೆದುಕೊಟ್ಟ ಜಾಬ್ ಶೀಟ್ ಎಲ್ಲ ಜೋಡಿಸಿ ಇಟ್ಟಿದ್ದೇನೆ. ಇದೇ ಟೆಂಪರ್ಡ್ ಗ್ಲಾಸಿನ ಆಟ ನಿಮ್ಮ ಹತ್ತಿರವೂ ಯಾರಾದರೂ ಆಡಿದ್ದರೆ ಹೇಳಿ. ಒಬ್ಬನೇ ಹೋಗುವುದಕ್ಕಿಂತ ನಾಲ್ಕು ಜನ ಸೇರಿ ಹೋಗೋಣ.