ಡೈಕ್ಲೋಫೆನಾಕ್ ಲೇಪನ: ಕ್ರೀಮೋ, ಮೈಕ್ರೋಎಮಲ್ಷನ್ನೋ?

ಎಂ.ಫಾರ್ಮ (ಔಷಧಶಾಸ್ತ್ರದ ಸ್ನಾತಕೋತ್ತರ) ಪ್ರಾಜೆಕ್ಟಿಗೆ ಉರಿಯೂತ ಶಮನದ ಔಷಧವಾದ ಡೈಕ್ಲೋಫೆನಾಕ್‌ನ ಲೇಪನವನ್ನು ಆರಿಸಿಕೊಂಡವರಿಗೆ, ಅದನ್ನು ಕ್ರೀಮಾಗಿ ಮಾಡುವುದೋ, ಮೈಕ್ರೋಎಮಲ್ಷನ್ ಎಂಬ ಎಣ್ಣೆ-ನೀರಿನ ತಿಳಿ ಮಿಶ್ರಣವಾಗಿ ಮಾಡುವುದೋ ಎಂಬ ಗೊಂದಲ ಸಹಜ.

ಎರಡಕ್ಕೂ ಎದುರಾಗುವ ಅಡ್ಡಿ ಒಂದೇ, ಚರ್ಮದ ಹೊರಪದರ. ಅದರ ದಪ್ಪ ಹೆಚ್ಚಿನೆಡೆ 10ರಿಂದ 20 ಮೈಕ್ರೋಮೀಟರ್ ಮಾತ್ರ. ಆದರೆ ಸತ್ತ ಕೋಶಗಳೇ ಇಟ್ಟಿಗೆ, ಕೊಬ್ಬೇ ಗಾರೆ ಎಂಬಂತಹ ಗಟ್ಟಿ ಗೋಡೆ ಅದು.

ಕ್ರೀಮೂ ಎಣ್ಣೆ-ನೀರಿನ ಮಿಶ್ರಣವೇ, ಆದರೆ ಅದರ ಹನಿಗಳು ದೊಡ್ಡವು. ಬೆಳಕನ್ನು ಚದುರಿಸುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ತಯಾರಿಗೆ ಹೋಮೋಜಿನೈಸರ್ (ಹನಿಗಳನ್ನು ಒಡೆದು ಸಮವಾಗಿ ಬೆರೆಸುವ ಯಂತ್ರ) ಬೇಕು, ಕಾಲ ಕಳೆದಂತೆ ಎಣ್ಣೆ ಬೇರ್ಪಡುವ ಭಯವೂ ಇದೆ.

ಮೈಕ್ರೋಎಮಲ್ಷನ್‌ನ ಹನಿಗಳು ಸಾಮಾನ್ಯವಾಗಿ 10ರಿಂದ 100 ನ್ಯಾನೋಮೀಟರ್. ಎಣ್ಣೆ, ನೀರು, ಅವೆರಡನ್ನೂ ಬೆಸೆಯುವ ಸರ್ಫ್ಯಾಕ್ಟಂಟ್, ಅದಕ್ಕೆ ನೆರವಾಗುವ ಸಹ-ಸರ್ಫ್ಯಾಕ್ಟಂಟ್‌ಗಳ ಪ್ರಮಾಣ ಹೊಂದಿದರೆ ಮೆಲ್ಲಗೆ ಕಲಕಿದರೂ ಸಾಕು, ಮಬ್ಬು ಕರಗಿ ದ್ರವ ತಿಳಿಯಾಗುತ್ತದೆ. ಆ ಗಳಿಗೆಯನ್ನು ಕಣ್ಣಾರೆ ನೋಡುವ ಸಂತೋಷವೇ ಬೇರೆ! ನೀರಿನಲ್ಲಿ ಸುಲಭವಾಗಿ ಕರಗದ ಔಷಧವೂ ಇದರಲ್ಲಿ ಹೆಚ್ಚು ಕರಗುತ್ತದೆ, ಚರ್ಮದ ಕೊಬ್ಬಿನ ಗಾರೆಯೂ ಸಡಿಲಗೊಳ್ಳುತ್ತದೆ.

ಆದರೆ ಹಾಗೆ ಸಡಿಲಿಸುವ ಸರ್ಫ್ಯಾಕ್ಟಂಟೇ ಹೆಚ್ಚಾದರೆ ಉರಿ, ತುರಿಕೆ ತರುತ್ತದೆ. ತಿಂಗಳುಗಟ್ಟಲೆ ಮೊಣಕಾಲಿಗೆ ಹಚ್ಚಿಕೊಳ್ಳುವ ವೃದ್ಧರ ಒಣ ಚರ್ಮಕ್ಕೆ ಇದು ಸಣ್ಣ ವಿಷಯವಲ್ಲ. ಅಂಥವರಿಗಾದರೆ ನಾನು ಕ್ರೀಮಿನ ಕಡೆಗೇ ವಾಲುತ್ತೇನೆ. ಮೈಕ್ರೋಎಮಲ್ಷನ್‌ನ ತೆಳು ದ್ರವ ಹರಿದುಹೋಗುತ್ತದೆ ಎಂಬ ತೊಂದರೆಗೆ ಮಾತ್ರ ಕಾರ್ಬೊಪಾಲ್ ಎಂಬ ಮಂದಕಾರಿ ಸೇರಿಸಿ ಜೆಲ್ ಮಾಡುವ ದಾರಿಯಿದೆ.

ಪ್ರಾಜೆಕ್ಟಿಗೆ ಮೈಕ್ರೋಎಮಲ್ಷನ್ನೇ ನನ್ನ ಆಯ್ಕೆ. ಫ್ರಾಂಜ್ ಕೋಶದಲ್ಲಿ (ಚರ್ಮದ ತುಣುಕಿನ ಮೂಲಕ ಔಷಧ ಎಷ್ಟು ದಾಟುತ್ತದೆಂದು ನೋಡುವ ಗಾಜಿನ ಉಪಕರಣ) ಅಳೆಯುವಾಗ ದಾಟಿಹೋದ ಔಷಧವನ್ನಷ್ಟೇ ಲೆಕ್ಕ ಹಾಕಬೇಡಿ, ಚರ್ಮದಲ್ಲಿ ಉಳಿದದ್ದನ್ನೂ ಅಳೆಯಿರಿ.